ಕರಡಿ ಮೈಮೇಲೆ ಬಂದಾಗ ಯಾವ ಕೈಬಂದೂಕು?

ಅಲಾಸ್ಕಾದ ಕಾಡಿಗೆ ಹೊರಟವರು ಕರಡಿಯ ಭಯಕ್ಕೆ ಅತಿ ದೊಡ್ಡ ಗುಂಡಿನ ರಿವಾಲ್ವರನ್ನೇ ಹುಡುಕುತ್ತಾರೆ. ಈ ಲೆಕ್ಕಾಚಾರ ಸರಿಯಲ್ಲ. ಕಂದು ಕರಡಿ ಗಂಟೆಗೆ 50 ಕಿಲೋಮೀಟರಿಗೂ ಮೀರಿ ಓಡಬಲ್ಲದು. 30 ಮೀಟರ್ ದೂರದ ಪೊದೆಯಿಂದ ನುಗ್ಗಿದರೆ ನಿಮಗೆ ಸಿಗುವುದು ಸುಮಾರು ಎರಡೇ ಸೆಕೆಂಡು. .44 ಮ್ಯಾಗ್ನಮ್‌ಗೆ ಬಲ ಹೆಚ್ಚು, ನಿಜ. ಆದರೆ ಅದು ಒದ್ದ ರಭಸಕ್ಕೆ ನಳಿಗೆ ಮೇಲೆದ್ದು ಎರಡನೇ ಗುಂಡು ತಡವಾಗುತ್ತದೆ, ಒಳಗಿರುವುದೂ ಸಾಮಾನ್ಯವಾಗಿ ಆರೇ ಗುಂಡು. ಗ್ಲಾಕ್ 20ರಂಥ 10 ಎಂಎಂ ಪಿಸ್ತೂಲಿನಲ್ಲಿ ಹದಿನೈದು ಹಿಡಿಯುತ್ತವೆ, ಕೈಗೂ ಹಗುರ. ಬಂದೂಕೇ ಬೇಕೆಂದರೆ ನನ್ನ ಆಯ್ಕೆ ಅದು: ಆಳಕ್ಕೆ ಇಳಿಯುವ ಗಟ್ಟಿ ಸೀಸದ ಗುಂಡು ತುಂಬಿ, ಬೆನ್ನಿನ ಚೀಲದಲ್ಲಲ್ಲ, ಎದೆಯ ಮೇಲೆಯೇ ಕಟ್ಟಿಕೊಂಡು.

ಬಲ ಕಡಿಮೆಯಾದರೆ ಕರಡಿ ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ತಂಡ ಅಲಾಸ್ಕಾದ 269 ಘಟನೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಬಂದೂಕು ಶೇ. 84ರಷ್ಟು ಫಲಿಸಿತ್ತು, ಹೆಚ್ಚು ಬಲದ ಉದ್ದ ಬಂದೂಕು ಶೇ. 76. ಇನ್ನೂ ಮುಖ್ಯವಾದ ಮಾತೆಂದರೆ, ಬಂದೂಕು ಬಳಸಿದವರಿಗೂ ಬಳಸದವರಿಗೂ ಗಾಯದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಕರಡಿ ಸ್ಪ್ರೇ ಮೊದಲು ಬೇಕು ಎನ್ನುತ್ತೇನೆ. 2008ರ ಅಧ್ಯಯನದಲ್ಲಿ ಅದು ಶೇ. 92ರಷ್ಟು ಸಂದರ್ಭಗಳಲ್ಲಿ ಕಂದು ಕರಡಿಯನ್ನು ತಡೆದಿತ್ತು. ಎದುರುಗಾಳಿಗೆ ಸ್ಪ್ರೇ ಚದುರುತ್ತದೆ, ಒಪ್ಪೋಣ. ಆದರೆ ಅದರ ಮೋಡ ಅಗಲವಾಗಿ ಹರಡುವುದರಿಂದ, ನಡುಗುವ ಕೈಗೂ ಬಂದೂಕಿನಷ್ಟು ಕರಾರುವಾಕ್ಕಾದ ಗುರಿ ಬೇಕಿಲ್ಲ.