ಎಂಟೋ, ಹತ್ತೋ?

ಒಂದು ಬೈಟ್‌ಗೆ 8 ಬಿಟ್. ಹಾಗಿದ್ದರೆ ಸೆಕೆಂಡಿಗೆ 9,600 ಬಿಟ್ ವೇಗದ ಹಳೆಯ ಸೀರಿಯಲ್ ಪೋರ್ಟ್ 1,200 ಬೈಟ್ ಬದಲು 960 ಬೈಟ್ ಮಾತ್ರ ಸಾಗಿಸುವುದೇಕೆ?

ವ್ಯಾನಿನಲ್ಲಿ ಹತ್ತು ಜನ, ಟಿಕೆಟ್ ಮಾತ್ರ ಎಂಟು; ಉಳಿದಿಬ್ಬರು ಡ್ರೈವರ್, ಕಂಡಕ್ಟರ್. ಇಲ್ಲಿಯೂ ಅದೇ ಕಥೆ. ಈ ತಂತಿಯ ಎರಡು ತುದಿಗಳಿಗೆ ಒಂದೇ ಗಡಿಯಾರವಿಲ್ಲ. ಹಾಗಾಗಿ ಪ್ರತಿ ಬೈಟ್‌ನ ಮುಂದೆ ‘ಶುರು’ ಎನ್ನಲು ಒಂದು ಬಿಟ್, ಹಿಂದೆ ‘ಮುಗಿಯಿತು’ ಎನ್ನಲು ಇನ್ನೊಂದು. ಮಾಮೂಲಿ ಸೆಟ್ಟಿಂಗ್‌ನಲ್ಲಿ 8 ಅಲ್ಲ, 10ರಿಂದ ಭಾಗಿಸಿ.

ಟೆಲಿಫೋನ್ ಎಕ್ಸ್‌ಚೇಂಜ್‌ಗಳ ಇ1 ಲೈನಿನಲ್ಲಿ ಎರಡೂ ಕಡೆಯ ಗಡಿಯಾರ ಒಂದೇ ತಾಳಕ್ಕೆ ನಡೆಯುತ್ತದೆ. ಬೈಟ್‌ಗೊಬ್ಬ ಕಂಡಕ್ಟರ್ ಬೇಕಿಲ್ಲ. 64 ಕಿಲೋಬಿಟ್‌ನ 32 ಚಾನೆಲ್ ಸೇರಿ 2,048 ಕಿಲೋಬಿಟ್, ಅಂದರೆ 256 ಕಿಲೋಬೈಟ್. ಮಾತುಕತೆಗೆ ಸಿಗುವುದು ಮಾತ್ರ ಸಾಮಾನ್ಯವಾಗಿ 30 ಚಾನೆಲ್. ಅಂದಹಾಗೆ, ಟೆಲಿಕಾಂನವರ ಕಿಲೋ ಎಂದರೆ 1,000, 1,024 ಅಲ್ಲ.