ಮೂರು ಎಂಜಿನುಗಳು, ಒಂದೇ ತಪ್ಪು

ಚಿಕ್ಕಲಸಂದ್ರದ ಯಾವ ಸ್ಕೂಟರು ದುರಸ್ತಿಯ ಅಂಗಡಿಯಲ್ಲಾದರೂ ಗಮನಿಸಿರಿ: ಎಣ್ಣೆ ಬದಲಿಸಿದವನು ಬಿರಡೆಯನ್ನು ಬಿಗಿಯುವ ಮೊದಲು ಅದಕ್ಕೊಂದು ವಾಷರು ತೊಡಿಸುತ್ತಾನೆ. ಮರೆತರೆ ಎಣ್ಣೆ ಸೋರಿ ಗಾಡಿ ದಾರಿಯಲ್ಲಿ ನಿಲ್ಲುವುದು. ವಿಮಾನಕ್ಕೆ ಹಾಗೆ ನಿಲ್ಲುವ ಸೌಕರ್ಯವಿಲ್ಲ.

ಜೆಟ್ ಎಂಜಿನಿನ ತೈಲಮಾರ್ಗದಲ್ಲಿಯೂ ಬಿರಡೆಯೊಂದುಂಟು, ಅದು ಅಯಸ್ಕಾಂತದ್ದು. ಬೇರಿಂಗು ಸವೆದರೆ ಉದುರುವ ಉಕ್ಕಿನ ಚೂರುಗಳು ಅದಕ್ಕೆ ಅಂಟಿಕೊಂಡು, ಬಿಚ್ಚಿ ನೋಡಿದ ಎಂಜಿನಿಯರನಿಗೆ ಒಳಗಿನ ಕೇಡನ್ನು ಮೊದಲೇ ತಿಳಿಸುತ್ತವೆ. ರಕ್ಷಣೆಗೆಂದೇ ನಡೆಯುವ ಈ ತಪಾಸಣೆಯಿಂದಲೇ 1983ರ ಮೇ 5ರಂದು ಅಮೆರಿಕದ ಮಯಾಮಿಯಿಂದ ಹೊರಟ ಈಸ್ಟರ್ನ್ ಸಂಸ್ಥೆಯ ವಿಮಾನಕ್ಕೆ ಗಂಡಾಂತರ ಒದಗಿತು. ರಾತ್ರಿಪಾಳಿಯಲ್ಲಿ ಮೂರು ಎಂಜಿನುಗಳ ಬಿರಡೆಗಳನ್ನೂ ಬದಲಿಸಿದ್ದರು. ರಬ್ಬರಿನ ಉಂಗುರ ತೊಡಿಸಿಟ್ಟ ಬಿರಡೆಗಳು ಎಂದಿನಂತೆ ಮೇಸ್ತ್ರಿಯ ಬೀರುವಿನಲ್ಲಿ ದೊರೆಯಲಿಲ್ಲ. ಉಗ್ರಾಣದಿಂದ ತಂದವಕ್ಕೆ ಉಂಗುರವೇ ಇರಲಿಲ್ಲ. ಕಾಗದದಲ್ಲಿ ರುಜು ಮಾತ್ರ ಬಿದ್ದಿತು.

ಒಂದು ಎಂಜಿನಿನ ತೈಲ ಇಳಿದುದನ್ನು ಕಂಡ ಚಾಲಕರು ಅದನ್ನು ನಿಲ್ಲಿಸಿ ಹಿಂತಿರುಗಿದರು. ದಾರಿಯಲ್ಲಿ ಉಳಿದೆರಡೂ ನಿಂತವು. ಸಮುದ್ರದಿಂದ ಸುಮಾರು 4,000 ಅಡಿ ಎತ್ತರದಲ್ಲಿ, ಮೊದಲು ನಿಲ್ಲಿಸಿದ್ದ ಎಂಜಿನು ಮತ್ತೆ ಹೊತ್ತಿಕೊಂಡಿತು. 172 ಮಂದಿಯೂ ಉಳಿದರು.

ಬೆಳಗಾಗುವುದರೊಳಗೆ ವಿಮಾನವನ್ನು ಸಿದ್ಧಪಡಿಸಬೇಕಾದ ನೆಲದ ಕೆಲಸಗಾರನನ್ನು ದೂರುವುದು ಸುಲಭ. ಆದರೆ ಅದೇ ಸಂಸ್ಥೆಯಲ್ಲಿ ಈ ಬಿರಡೆಗಳ ತೊಂದರೆ ಅದಕ್ಕೆ ಮೊದಲೂ ಹಲವು ಸಲ ತಲೆದೋರಿತ್ತು! ಒಂದು ಕೆಟ್ಟರೆ ಇನ್ನೊಂದಿದೆ ಎಂಬುದೇ ಮೂರು ಎಂಜಿನುಗಳ ಧೈರ್ಯವಷ್ಟೆ. ಒಂದೇ ಪಾಳಿ, ಒಂದೇ ಉಗ್ರಾಣ ಮೂರನ್ನೂ ಮುಟ್ಟಿದಾಗ ಆ ಲೆಕ್ಕ ಸುಳ್ಳಾಗುತ್ತದೆ. ಆದುದರಿಂದ ಸಾಗರ ದಾಟುವ ಎರಡು ಎಂಜಿನಿನ ವಿಮಾನಗಳಲ್ಲಿ, ಎರಡಕ್ಕೂ ಆಗಬೇಕಾದ ಒಂದೇ ಕೆಲಸವನ್ನು ಸಾಧ್ಯವಾದಷ್ಟೂ ಬೇರೆ ಬೇರೆ ಕೈಗಳಿಗೆ ಒಪ್ಪಿಸುತ್ತಾರೆ.