ಗೇಜಿನ ಮುಳ್ಳು ಸೊನ್ನೆಗೆ ಬಂದರೆ ಬಾಯ್ಲರ್ ಮುಚ್ಚಳ ಬಿಚ್ಚಬಹುದೇ?

ಕಬ್ಬು ನುರಿಸುವ ಹಂಗಾಮು ಮುಗಿದ ಕೂಡಲೇ ಸಕ್ಕರೆ ಕಾರ್ಖಾನೆಗಳಲ್ಲಿ ಇನ್ನೊಂದು ಹಂಗಾಮು ಶುರುವಾಗುತ್ತದೆ. ಅದು ದುರಸ್ತಿಯ ಹಂಗಾಮು. ಇಂಡಿ ತಾಲ್ಲೂಕಿನ ಮರಗೂರಿನಲ್ಲಿರುವ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇರಲಿ, ಬೇರೆ ಯಾವುದೇ ಕಾರ್ಖಾನೆ ಇರಲಿ, ಬಾಯ್ಲರ್ ಮತ್ತು ರಸ ಕುದಿಸುವ ದೊಡ್ಡ ಪಾತ್ರೆಗಳ ಒಳಗೆ ಮನುಷ್ಯ ಇಳಿದೇ ತಪಾಸಣೆ, ಸ್ವಚ್ಛತೆ ಮಾಡಬೇಕು. ಬಸವನ ಬಾಗೇವಾಡಿ ಭಾಗದ ಕೂಡಗಿಯ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರದಂಥ ಕಡೆಯೂ ಅಷ್ಟೇ. ಒಳಗೆ ಇಳಿಯಲು ಇರುವ ಕಿಂಡಿಗೆ ಮ್ಯಾನ್‌ಹೋಲ್ ಎನ್ನುತ್ತಾರೆ. ಅದರ ಮುಚ್ಚಳ ತೆಗೆಯುವ ಬಗ್ಗೆ ಕೆಲವು ತಪ್ಪು ನಂಬಿಕೆಗಳಿವೆ. ನಿಮ್ಮ ಮನೆಯವರೋ ಊರಿನವರೋ ಇಂಥ ಕೆಲಸಕ್ಕೆ ಹೋಗುತ್ತಿದ್ದರೆ ಇದನ್ನು ಪೂರ್ತಿ ಓದಿ.

ನಂಬಿಕೆ 1: ಮುಳ್ಳು ಸೊನ್ನೆಯಲ್ಲಿದೆ, ಒಳಗೆ ಒತ್ತಡವಿಲ್ಲ

ಇದು ತಪ್ಪು. ಮೊದಲು ಅಡುಗೆಮನೆಯ ಲೆಕ್ಕ ನೋಡೋಣ. 20 ಸೆಂಟಿಮೀಟರ್ ಅಗಲದ ಕುಕ್ಕರ್ ಮುಚ್ಚಳದ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಸೀಟಿ ಹೊಡೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕೆಜಿ ಒತ್ತಡ ಇರುತ್ತದೆ. ಅಂದರೆ ಆ ಪುಟ್ಟ ಮುಚ್ಚಳವನ್ನು ಒಳಗಿನ ಹಬೆ 300 ಕೆಜಿಗೂ ಹೆಚ್ಚು ಬಲದಿಂದ ತಳ್ಳುತ್ತಿರುತ್ತದೆ!

ಈಗ 60 ಸೆಂಟಿಮೀಟರ್ ಅಗಲದ ಕಿಂಡಿ ತೆಗೆದುಕೊಳ್ಳಿ. ಅಗಲ ಮೂರು ಪಟ್ಟು ಆದರೆ ವಿಸ್ತೀರ್ಣ ಒಂಬತ್ತು ಪಟ್ಟು. ಅದೇ 1 ಕೆಜಿ ಒತ್ತಡಕ್ಕೆ ಮುಚ್ಚಳದ ಮೇಲಿನ ಬಲ ಸುಮಾರು 2,800 ಕೆಜಿ. ಒತ್ತಡ ಅದರ ಹತ್ತನೇ ಒಂದು ಭಾಗಕ್ಕೆ ಇಳಿದರೂ 280 ಕೆಜಿ ಬಲ ಉಳಿದಿರುತ್ತದೆ. 16 ಕೆಜಿವರೆಗೆ ಅಳೆಯುವ ಗೇಜಿನಲ್ಲಿ ಇಷ್ಟು ಸಣ್ಣ ಒತ್ತಡ ಕಣ್ಣಿಗೆ ಕಾಣುವುದೇ ಇಲ್ಲ. ಗೇಜಿನ ಸಣ್ಣ ಕೊಳವೆಯಲ್ಲಿ ಕಸ ಕಟ್ಟಿಕೊಂಡಿದ್ದರಂತೂ ಮುಳ್ಳಿನ ಮಾತನ್ನು ನಂಬುವಂತೆಯೇ ಇಲ್ಲ.

ಆದ್ದರಿಂದ ಬರುವ ಪೈಪುಗಳನ್ನೆಲ್ಲ ಮುಚ್ಚಿ ಬೀಗ ಹಾಕಬೇಕು. ಪಾತ್ರೆ ತಣ್ಣಗಾಗಬೇಕು. ಮೇಲಿನ ವೆಂಟ್ ಮತ್ತು ಕೆಳಗಿನ ಡ್ರೇನ್ ಎರಡೂ ತೆರೆದಿರಬೇಕು, ಅವು ಕಟ್ಟಿಕೊಂಡಿಲ್ಲ ಎಂದು ನೋಡಿರಬೇಕು. ಆಮೇಲೆ ಬೋಲ್ಟ್.

ನಂಬಿಕೆ 2: ತಣ್ಣಗಾದ ಮೇಲೆ ಅಪಾಯವೇ ಇಲ್ಲ

ಇದೂ ಅರ್ಧ ಸತ್ಯ. ಹಬೆ ತುಂಬಿದ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ ತಣಿಯಲು ಬಿಟ್ಟರೆ ಹಬೆ ನೀರಾಗುತ್ತದೆ. ಜಾಗ ಖಾಲಿಯಾಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಆಗ ಹೊರಗಿನ ಗಾಳಿಯೇ ಮುಚ್ಚಳವನ್ನು ಒಳಗೆ ಒತ್ತಿ ಹಿಡಿಯುತ್ತದೆ. ಕುದಿಯುವ ಸಾರಿನ ಪಾತ್ರೆಗೆ ಮುಚ್ಚಿದ ತಟ್ಟೆ ತಣ್ಣಗಾದ ಮೇಲೆ ಅಂಟಿಕೊಳ್ಳುವುದು ಇದೇ ಕಾರಣಕ್ಕೆ. ಅಂಟಿಕೊಂಡಿದೆ ಎಂದು ಹಾರೆಯಿಂದ ಮೀಟಬಾರದು. ವೆಂಟ್ ತೆರೆದು ಗಾಳಿ ಬಿಡಬೇಕು.

ನಂಬಿಕೆ 3: ನಾಲ್ಕು ಜನ ಕೈ ಹಾಕಿದರೆ ಎತ್ತಬಹುದು

80 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪದ ಉಕ್ಕಿನ ಮುಚ್ಚಳ ಸುಮಾರು 197 ಕೆಜಿ ತೂಗುತ್ತದೆ. ಅಂದರೆ 50 ಕೆಜಿಯ ನಾಲ್ಕು ಸಿಮೆಂಟ್ ಚೀಲ. ಆದರೆ ಚೀಲವನ್ನು ಅಪ್ಪಿ ಹಿಡಿಯಬಹುದು, ಈ ಬಿಲ್ಲೆಗೆ ಹಿಡಿಕೆ ಇಲ್ಲ. ಒಬ್ಬನ ಕೈ ಜಾರಿದರೂ ಉಳಿದವರ ಬೆರಳು, ಪಾದ ಹೋಗುತ್ತವೆ. ಅತಿಭಾರ ಎತ್ತಿಸಬಾರದು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಕಲಮೇ ಹೇಳಿತ್ತು.

ಇದಕ್ಕೆಂದೇ ಡೇವಿಟ್ ಎಂಬ ಸಾಧನವಿದೆ. ಕಿಂಡಿಯ ಪಕ್ಕದಲ್ಲಿ ನಿಲ್ಲಿಸಿದ ಕಂಬ, ಅದರಿಂದ ಚಾಚಿದ ತೋಳು. ಮುಚ್ಚಳ ಆ ತೋಳಿಗೆ ನೇತಾಡುತ್ತದೆ, ಬಾಗಿಲಿನಂತೆ ಪಕ್ಕಕ್ಕೆ ತಿರುಗುತ್ತದೆ. ಭಾರವನ್ನೆಲ್ಲ ಕಂಬ ಹೊರುತ್ತದೆ, ಮನುಷ್ಯ ತಳ್ಳಿದರೆ ಸಾಕು. ಡೇವಿಟ್ ಇಲ್ಲದಿದ್ದರೆ ಚೈನ್ ಬ್ಲಾಕ್ ಬಳಸಬೇಕು. ಮುಚ್ಚಳದ ಭಾರ ಮೊದಲು ಸರಪಳಿಗೆ ಬೀಳಬೇಕು, ಆಮೇಲೆ ಕೊನೆಯ ಬೋಲ್ಟ್ ತೆಗೆಯಬೇಕು. ನೇತಾಡುವ ಮುಚ್ಚಳದ ಕೆಳಗೆ ಯಾರೂ ನಿಲ್ಲಬಾರದು.

ಬೋಲ್ಟ್ ಬಿಚ್ಚುವುದಕ್ಕೂ ಕ್ರಮವಿದೆ. ನಿಮ್ಮಿಂದ ದೂರದ ಬದಿಯ ನಟ್ಟುಗಳನ್ನು ಮೊದಲು ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ. ಸಂದಿ ಬಿಟ್ಟಾಗ ಉಳಿದ ಹಬೆ, ಬಿಸಿನೀರು ಆ ಕಡೆಗೇ ಹೋಗುತ್ತದೆ. ಬುಸ್ ಎಂದು ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ನಟ್ಟುಗಳು ಇನ್ನೂ ಮುಚ್ಚಳವನ್ನು ಹಿಡಿದಿರುತ್ತವೆ, ಅದು ಹಾರುವುದಿಲ್ಲ.

ಕೆಲವು ಮುಚ್ಚಳ ಮೊಟ್ಟೆಯಾಕಾರ ಏಕೆ?

ಬಾಯ್ಲರ್ ಡ್ರಮ್ಮಿನ ಮುಚ್ಚಳ ಸಾಮಾನ್ಯವಾಗಿ ಒಳಗಡೆಯಿಂದ ಕೂರುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿಯಾಗುತ್ತದೆ. ಕಿಂಡಿಗಿಂತ ದೊಡ್ಡದಾದ ದುಂಡು ಮುಚ್ಚಳವನ್ನು ಕಿಂಡಿಯ ಮೂಲಕ ಒಳಗೆ ಹಾಕಲು ಆಗುವುದಿಲ್ಲ. ಮೊಟ್ಟೆಯಾಕಾರದ್ದನ್ನು ಓರೆಯಾಗಿ ತಿರುಗಿಸಿ ಹಾಕಬಹುದು. ಬಿಚ್ಚುವಾಗ ಇದು ಒಳಕ್ಕೆ ಬೀಳದಂತೆ ಮೊದಲೇ ಹಿಡಿದಿಟ್ಟುಕೊಳ್ಳಬೇಕು.

ಮುಚ್ಚಳ ತೆಗೆದ ಕೂಡಲೇ ತಲೆ ಹಾಕಬೇಡಿ

ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ತುಕ್ಕು ಹಿಡಿಯುವಾಗ ಆಮ್ಲಜನಕ ಖರ್ಚಾಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ಸುಮಾರು 21 ಶೇಕಡಾ. ಒಳಗೆ 19.5ಕ್ಕಿಂತ ಕಡಿಮೆ ಇದ್ದರೆ ಇಳಿಯಬಾರದು. ವಾಸನೆಯಿಂದ ಇದು ತಿಳಿಯುವುದಿಲ್ಲ, ಮೀಟರಿನಿಂದಲೇ ಅಳೆಯಬೇಕು. ಹೊರಗೆ ಒಬ್ಬರು ಕಾವಲು ಇರಲೇಬೇಕು. ಒಳಗಿದ್ದವರು ಕುಸಿದರೆ ಕಾವಲಿನವರು ಹಿಂದೆಯೇ ಇಳಿಯದೆ, ಉಸಿರಾಟದ ಸಾಧನವಿರುವ ರಕ್ಷಣಾ ತಂಡವನ್ನು ಕರೆಯಬೇಕು.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು: ಮುಳ್ಳನ್ನಲ್ಲ, ತೆರೆದ ವೆಂಟನ್ನು ನಂಬಿ. ಭಾರವನ್ನು ಕೈಗಲ್ಲ, ಸರಪಳಿಗೆ ಕೊಡಿ. ಗಾಳಿ ಅಳೆಯದೆ ಒಳಗೆ ಇಳಿಯಬೇಡಿ.